ತೊಂಬತ್ತಾರನೇ ರಸ್ತೆಯಲ್ಲಿ ಅಕ್ಕನ ಮನೆಗೆ

ಎಬರ್ಸ್‌ಬಾಖ್,
ಮಂಗಳವಾರ, ೨೮ ಮೇ ೧೯೯೧

ಮುದ್ದಿನ ಮೊಮ್ಮಗಳು ಗ್ರಿಟ್‌ಗೆ,

ಹೇಗಿದ್ದೀಯಮ್ಮ? ಪುಟ್ಟ ವೀಬ್ಕೆ ಹೇಗಿದ್ದಾಳೆ? ನಾಲ್ಕು ತಿಂಗಳ ಕೂಸಿಗೆ ಸಮುದ್ರದ ಗಾಳಿ ಒಗ್ಗುತ್ತದೋ ಇಲ್ಲವೋ ಎಂದು ನಿನ್ನ ಅಜ್ಜಿ ದಿನಕ್ಕೆರಡು ಸಲ ನನ್ನನ್ನು ಕೇಳುತ್ತಾಳೆ, ನಾನೇನೋ ನಿಮ್ಮ ಸಾಸ್‌ನಿಟ್ಸ್ ಬಂದರಿನಲ್ಲೇ ಕೂತಿರುವ ಹಾಗೆ. ಮಗುವಿನ ಹೆಸರು ಅವಳ ಬಾಯಿಗೆ ಇನ್ನೂ ಕೂತಿಲ್ಲ. ನಮ್ಮ ಲೌಸಿಟ್ಸ್ ಕಡೆ ಆ ಹೆಸರನ್ನು ಯಾರು ಕೇಳಿದ್ದಾರೆ ಹೇಳು. ಆದರೂ ಬೇಕರಿಯಲ್ಲಿ, ಅಂಚೆ ಕಚೇರಿಯಲ್ಲಿ, ಸಿಕ್ಕಸಿಕ್ಕವರಿಗೆಲ್ಲ ನೀನು ಕಳಿಸಿದ ಫೋಟೋ ತೋರಿಸಿ ತೋರಿಸಿ ಅದರ ಮೂಲೆ ಮಡಚಿಹೋಗಿದೆ. ಅವಳ ರಕ್ತದೊತ್ತಡ ಹತೋಟಿಯಲ್ಲಿದೆ. ನನ್ನ ಬಲ ಮಂಡಿ ಮಾತ್ರ ಮಳೆ ಬರುವ ಮೊದಲೇ ಸುದ್ದಿ ಹೇಳುತ್ತದೆ. ಎಪ್ಪತ್ತಕ್ಕೆ ಇಷ್ಟಾದರೂ ಇದೆಯಲ್ಲ ಎಂದುಕೊಂಡಿದ್ದೇನೆ.

ಈಗ ಸುದ್ದಿ. ಕಳೆದ ವಾರ ನಾನು ಫ್ರೀಡೆಲ್ ಅಕ್ಕನ ಮನೆಗೆ ಹೋಗಿ ಬಂದೆ. ನಿನಗೆ ಅವಳ ಹೆಸರು ಗೊತ್ತು, ಅದಕ್ಕಿಂತ ಹೆಚ್ಚು ಗೊತ್ತಿಲ್ಲ. ಚಿಕ್ಕಂದಿನಲ್ಲಿ ನೀನು ಕೇಳಿದಾಗಲೆಲ್ಲ ನಾವು, 'ಅವಳು ಪಶ್ಚಿಮಕ್ಕೆ ಹೋದಳು' ಎಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದೆವು. ಅದು ಸುಳ್ಳು, ಮಗಳೇ. ಅವಳು ಎಲ್ಲಿಗೂ ಹೋಗಲಿಲ್ಲ. ಪಶ್ಚಿಮ ಬರ್ಲಿನ್ನಿನ ತೆಂಕಣ ಅಂಚಿನ ಲಿಖ್ಟನ್‌ರಾಡೆಯಲ್ಲಿ, ಗಂಡನ ಬೇಕರಿಯ ಹಿಂದಿನ ಮನೆಯಲ್ಲಿ, ಇದ್ದಲ್ಲೇ ಇದ್ದಳು. ನಡುವಿನ ರಸ್ತೆಯನ್ನು ಕಿತ್ತವರು ನಾವು. ನಾವು ಅಂದರೆ ನಾನೂ.

ಆಗ ನಾವಿದ್ದದ್ದು ಪೂರ್ವದ ಕಡೆಯ ಮಾಲೋ ಊರಿನಲ್ಲಿ, ಅವಳ ಮನೆಯಿಂದ ಸೈಕಲ್ಲಿನಲ್ಲಿ ಹದಿನೈದು ನಿಮಿಷ. ನಾನು ರಸ್ತೆ ಗ್ಯಾಂಗಿನಲ್ಲಿದ್ದೆ. ತೊಂಬತ್ತಾರನೇ ಹೆದ್ದಾರಿಯ ಗುಂಡಿ ಮುಚ್ಚುವುದು, ಚರಂಡಿ ಬಿಡಿಸುವುದು, ಚಳಿಗಾಲದಲ್ಲಿ ಹಿಮದ ಮೇಲೆ ಮರಳು ಎರಚುವುದು ನನ್ನ ಕೆಲಸ. ಪ್ರತಿ ಭಾನುವಾರ ಅಕ್ಕ ಬುಟ್ಟಿಯಲ್ಲಿ ಬ್ರೆಡ್ಡು ಹಾಕಿಕೊಂಡು ಅದೇ ರಸ್ತೆಯಲ್ಲಿ ಬರುತ್ತಿದ್ದಳು. ಅರವತ್ತೊಂದರ ಆಗಸ್ಟಿನಲ್ಲಿ ಗಡಿ ಮುಚ್ಚಿದ ಮೂರನೆಯ ದಿನ ನಮ್ಮ ಗ್ಯಾಂಗನ್ನು ಲಾರಿಯಲ್ಲಿ ತುಂಬಿಕೊಂಡು ಹೋಗಿ, ಆ ರಸ್ತೆಯನ್ನು ಅಡ್ಡಲಾಗಿ ಒಡೆಯಲು ಹೇಳಿದರು. ಬೆನ್ನ ಹಿಂದೆ ಬಂದೂಕಿನವರು ನಿಂತಿದ್ದರು. ಅಲ್ಲಿ ಡಾಂಬರು ಹಾಕಿದವರು ನಾವೇ, ಎರಡು ವರ್ಷವೂ ಆಗಿರಲಿಲ್ಲ. ಕೆಟ್ಟ ಬಿಸಿಲು. ಆ ಕಡೆ ಜನ ಸೇರಿದ್ದರು. ರಸ್ತೆ ಒಡೆಯುವ ನನ್ನ ಯಂತ್ರ ನಿಂತ ಒಂದು ಗಳಿಗೆಯಲ್ಲಿ ಅಕ್ಕನ ದನಿ ಕೇಳಿಸಿತು. ಮೂವತ್ತು ಹೆಜ್ಜೆ ದೂರವೂ ಇರಲಿಲ್ಲ. ಅವಳು ಅಳಲಿಲ್ಲ, ಬೈಯಲಿಲ್ಲ. "ಆಲ್ವಿನ್, ಟೋಪಿ ಹಾಕ್ಕೊಳ್ಳೋ, ತಲೆ ಸುಡುತ್ತೆ!" ಎಂದು ಕೂಗಿದಳು. ಅಮ್ಮ ಹೊಲದ ಕೆಲಸಕ್ಕೆ ಹೋಗುತ್ತಿದ್ದ ಕಾಲದಲ್ಲಿ ನನ್ನನ್ನು ಸಾಕಿದವಳು ಅವಳು. ನಲವತ್ತು ವರ್ಷದ ನನ್ನನ್ನು ಅಷ್ಟು ಜನರೆದುರು ಹಾಗೆ ಕೂಗಿದಳು.

ನಾನು ತಲೆ ಎತ್ತಲಿಲ್ಲ. ಕಾವಲಿನವನು, "ಯಾರವಳು? ನಿಮ್ಮೋಳಾ?" ಎಂದು ಕೇಳಿದ. "ಗೊತ್ತಿಲ್ಲ" ಎಂದೆ. ಮತ್ತೆ ಯಂತ್ರ ಶುರು ಮಾಡಿದೆ.

ಅಷ್ಟೇ ನಡೆದದ್ದು. ಆ ಚಳಿಗಾಲ ಕಳೆಯುವ ಮೊದಲೇ ವರ್ಗ ಕೇಳಿಕೊಂಡು ನಿನ್ನ ಅಜ್ಜಿಯ ತವರಿಗೆ, ಈ ಎಬರ್ಸ್‌ಬಾಖಿಗೆ ಬಂದೆವು. ದೊಡ್ಡ ಸಾಹೇಬರು, "ಅಲ್ಲಿ ಯಾವ ರಸ್ತೆ ಕೊಡ್ಲಿ?" ಎಂದು ಕೇಳಿದಾಗ, "ಅದೇ ಕೊಡಿ, ತೊಂಬತ್ತಾರು. ಅದು ಶುರುವಾಗೋ ಕಡೆ" ಎಂದಿದ್ದೆ. ಅಕ್ಕನ ಮನೆಯಿಂದ ಆ ರಸ್ತೆಯಲ್ಲಿ ಇದಕ್ಕಿಂತ ದೂರ ಹೋಗಲು ಹೆಚ್ಚು ಜಾಗವಿರಲಿಲ್ಲ. ಇಲ್ಲಿಂದ ಸ್ವಲ್ಪ ಮುಂದೆ ಸಿಟ್ಟಾವ್, ಅದರಾಚೆ ಬೇರೆ ದೇಶ. ಅಕ್ಕನಿಂದ ಎರಡು ಕಾಗದ ಬಂದವು. ಉತ್ತರ ಬರೆಯಲಿಲ್ಲ. ಅಮ್ಮ ತೀರಿಕೊಂಡಾಗ ನಾಲ್ಕು ಸಾಲು ಬರೆದೆ, ಅದರಲ್ಲೂ ನನ್ನ ವಿಷಯ ಒಂದಕ್ಷರ ಇರಲಿಲ್ಲ.

ಬರ್ಲಿನ್ ಗೋಡೆ ಬಿದ್ದಾಗ ಅಜ್ಜಿ ಕೋಟು ತಂದು ನನ್ನ ಮುಂದೆ ಹಿಡಿದಳು. ನಾಳೆ ಹೋಗೋಣ ಎಂದೆ. ಹಾಗೆ ನಾಳೆ ನಾಳೆ ಎಂದು ಒಂದೂವರೆ ವರ್ಷ ಕಳೆಯಿತು. ಕಳೆದ ವಾರದ ಸೋಮವಾರ ಬೆಳಗ್ಗೆ ಎದ್ದು ನೋಡಿದರೆ ಟ್ರಾಬಿ ಕಾರಿನೊಳಗೆ ಬುಟ್ಟಿ ಇತ್ತು. ಬೆಣ್ಣೆ ಹಚ್ಚಿದ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಫ್ಲಾಸ್ಕಿನಲ್ಲಿ ಕಾಫಿ, ಇನ್ನೂ ಬಿಸಿಯಿದ್ದ ಗಸಗಸೆ ಕೇಕು. ಅಜ್ಜಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. "ನೀನ್ ಹೊರಡ್ತೀಯೋ, ಇಲ್ಲಾ ನಾನೇ ಬಸ್ ಹತ್ತಿ ಹೋಗಿ, 'ನಿಮ್ಮ ತಮ್ಮ ಹೇಡಿ ಕಣಮ್ಮ, ಅದಕ್ಕೆ ನನ್ನ ಕಳ್ಸಿದಾನೆ' ಅಂತ ಹೇಳ್ಲೋ?" ಎಂದಳು. ಹೇಳುವವಳೇ ಅವಳು. ಹೊರಟೆ.

ಮೂವತ್ತೆಂಟು ವರ್ಷ ರಸ್ತೆ ನೋಡಿಕೊಂಡವನು ಕಾರಿನಲ್ಲಿ ಸುಮ್ಮನೆ ಕೂರುವುದು ಕಷ್ಟ. ಫಲಕಗಳಲ್ಲಿ ತೊಂಬತ್ತಾರರ ಮುಂದಿದ್ದ ಹಳೆಯ ಎಫ್ ಅಕ್ಷರ ತೆಗೆದು ಪಶ್ಚಿಮದವರ ಬಿ ಬರೆದಿದ್ದಾರೆ. ಗುಂಡಿಗಳು ಮಾತ್ರ ಯಾವ ಅಕ್ಷರವಾದರೂ ಸೈ ಎಂದು ಹಾಗೇ ಇವೆ. ಓಪ್ಪಾಖಿನ ಇಳಿಜಾರಿನವರೆಗೆ ಒಂದೊಂದು ತೇಪೆಯೂ ನನ್ನ ಗುರುತಿನದು. ಬೌಟ್ಸನ್ ದಾಟಿದ ಮೇಲೆ ಬೇರೆಯವರ ಕೈಕೆಲಸ ಶುರುವಾಗುತ್ತದೆ, ಅಲ್ಲಲ್ಲಿ ಬೈದುಕೊಂಡು ಹೋದೆ. ಹೋಯರ್ಸ್‌ವೆರ್ಡಾದಿಂದ ಆಚೆಗೆ ಕಲ್ಲಿದ್ದಲು ಗಣಿಗಳ ಸೀಮೆ. ಗಣಿಗಾಗಿ ಊರುಗಳನ್ನೇ ಎಬ್ಬಿಸಿದವರಿಗೆ ರಸ್ತೆಯನ್ನು ಸುತ್ತುಬಳಸಿ ಹಾಕುವುದು ದೊಡ್ಡದೇನಲ್ಲ. ಲುಕಾವ್ ಹತ್ತಿರ ಲಿಂಡನ್ ಮರಗಳ ಸಾಲು ಬಂತು. ಹೊಸದಾಗಿ ಸುಣ್ಣ ಬಳಿದ ಬೊಡ್ಡೆಗಳು, ಮೇಲೆ ಎಳೆ ಎಲೆಗಳ ಚಪ್ಪರ. ಕಾರು ನಿಲ್ಲಿಸಿ ಎರಡು ಮೊಟ್ಟೆ ತಿಂದೆ. ನಿಜ ಹೇಳಬೇಕೆಂದರೆ ಹಸಿವಿರಲಿಲ್ಲ, ಹೊತ್ತು ಕಳೆಯುತ್ತಿದ್ದೆ. ವ್ಯೂನ್ಸ್‌ಡೋರ್ಫಿನಲ್ಲಿ ರಷ್ಯನ್ ಸೈನ್ಯದ ಲಾರಿಗಳ ಸಾಲು ಅಡ್ಡ ಬಂತು. ಬಾವುಟ ಹಿಡಿದ ಸಿಪಾಯಿ ನಮ್ಮನ್ನೆಲ್ಲ ಮುಕ್ಕಾಲು ಗಂಟೆ ತಡೆದ. ಆಗ ನಾನು ಕಾರು ತಿರುಗಿಸಿಬಿಟ್ಟೆ ಮಗಳೇ. ತಿರುಗಿಸಿ ಒಂದು ಕಿಲೋಮೀಟರ್ ವಾಪಸ್ಸೂ ಬಂದೆ. ಬುಟ್ಟಿಯೊಳಗಿನ ಕೇಕಿನ ವಾಸನೆ ಕಾರೆಲ್ಲ ತುಂಬಿತ್ತು. ಅದನ್ನು ಅಕ್ಕನಿಗೆ ಕೊಡದೆ ಮನೆಗೆ ತಂದರೆ ಅಜ್ಜಿ ನನ್ನ ತಲೆಯ ಮೇಲೇ ಹೊಡೆಯುತ್ತಾಳೆಂದು ನೆನೆದು ಮತ್ತೆ ತಿರುಗಿಸಿದೆ.

ಮಾಲೋ ದಾಟಿ ಆ ಜಾಗಕ್ಕೆ ಬಂದಾಗ ಮಧ್ಯಾಹ್ನ ಎರಡು ಗಂಟೆ. ಹೊಸ ಡಾಂಬರು ಹಾಕಿ ಕೂಡಿಸಿದ್ದಾರೆ. ಇಳಿದು, ಮಂಡಿ ಊರಿ, ಕೈಯಿಂದ ಮುಟ್ಟಿ ನೋಡಿದೆ. ಬೆಸುಗೆ ಚೆನ್ನಾಗಿದೆ, ಅಂಚು ಎದ್ದಿಲ್ಲ. ಹಿಂದೆ ಒಬ್ಬ ಹಾರ್ನ್ ಹೊಡೆದು, "ಏನ್ ತಾತ, ಏನಾದ್ರೂ ಬೀಳಿಸ್ಕೊಂಡ್ರಾ?" ಎಂದ. ಏನೂ ಇಲ್ಲ ಎಂದು ಹೇಳಿ ಎದ್ದೆ.

ಬೇಕರಿ ಈಗ ಬೇರೆಯವರ ಕೈಯಲ್ಲಿದೆ. ಭಾವ ತೀರಿಕೊಂಡು ಒಂಬತ್ತು ವರ್ಷವಾಯಿತಂತೆ, ನನಗೆ ಗೊತ್ತಿರಲಿಲ್ಲ. ಅಂಗಡಿಯ ಹೆಂಗಸು ಹಿತ್ತಲ ಬಾಗಿಲು ತೋರಿಸಿದಳು. ಅಕ್ಕ ಬಿಸಿಲಲ್ಲಿ ಸ್ಟೂಲಿನ ಮೇಲೆ ಕೂತು ಬಿಳಿ ಶತಾವರಿ ದಂಟು ಹೆರೆಯುತ್ತಿದ್ದಳು. ಕೂದಲು ಪೂರ್ತಿ ನೆರೆತಿದೆ, ಬೆನ್ನು ಬಾಗಿದೆ, ಕೈ ಮಾತ್ರ ಅದೇ ಚುರುಕು. ತಲೆ ಎತ್ತಿ ನೋಡಿದಳು. ನೋಡುತ್ತಲೇ ಇದ್ದಳು. ಆಮೇಲೆ, "ಯಾಕ್ ಬಂದೆ?" ಎಂದಳು.

ಇನ್ನೂರು ಕಿಲೋಮೀಟರ್ ಉದ್ದಕ್ಕೂ ಮಾತು ಕಟ್ಟಿಕೊಂಡು ಬಂದಿದ್ದವನು, "ರಸ್ತೆ ಹೇಗಿದೆ ನೋಡೋಣ ಅಂತ" ಎಂದುಬಿಟ್ಟೆ. ಎಂಥ ಕತ್ತೆ ನೋಡು ನಿನ್ನ ಅಜ್ಜ.

ಆಗ ಬಂತು ಅವಳ ಸಿಟ್ಟು. "ರಸ್ತೆನಾ? ಗೋಡೆ ಇತ್ತು, ನೀನು ಬರ್ಲಿಲ್ಲ. ಸರಿ, ಒಪ್ಕೊಂಡೆ. ಗೋಡೆ ಬಿದ್ದು ಒಂದೂವರೆ ವರ್ಷ ಆಯ್ತಲ್ಲೋ ಆಲ್ವಿನ್! ಲೋಕದೋರೆಲ್ಲ ಬಂದ್ರು. ನನ್ನ ಗಂಡನ ಕಡೆಯ ಎಂಟನೇ ತಲೆಮಾರಿನ ನೆಂಟ್ರೂ ಬಂದು ಕಾಫಿ ಕುಡಿದು ಹೋದ್ರು. ಮೊದಮೊದಲು ದಿನಾ ಸಾಯಂಕಾಲ ಆ ತಿರುವಿಗೆ ಹೋಗಿ ನಿಂತ್ಕೋತಿದ್ದೆ, ಗೊತ್ತಾ ನಿಂಗೆ? ಈ ಕಾಲಲ್ಲಿ! ಮೊದಲು ಗೋಡೆ ಇತ್ತು. ಆಮೇಲೆ ಏನಡ್ಡ ಇತ್ತು?"

"ನಾಚಿಕೆ ಅಡ್ಡ ಇತ್ತಕ್ಕ" ಎಂದೆ.

ಅವಳು ಕಾಲಿನಿಂದ ಇನ್ನೊಂದು ಸ್ಟೂಲನ್ನು ನನ್ನತ್ತ ತಳ್ಳಿ, ಕೈಗೆ ಹೆರೆಯುವ ಚಾಕು ಕೊಟ್ಟಳು. ಇಬ್ಬರೂ ಹೆರೆಯುತ್ತ ಕೂತೆವು. "ಬುಡದಿಂದ ಅಲ್ವೋ, ತಲೆಯಿಂದ ಕೆಳಕ್ಕೆ. ನಿನ್ನ ಹೆಂಡ್ತಿ ಲೀನೆ ನಿಂಗೆ ಏನೂ ಕಲಿಸಿಲ್ವಾ?" ಎಂದು ಗದರಿದಳು. ಒಂದು ಕಟ್ಟು ಮುಗಿಯುವ ಹೊತ್ತಿಗೆ ನನಗೆ ಧೈರ್ಯ ಬಂತು. "ಅಕ್ಕ, ಅವತ್ತು ನೀನು ಕೂಗಿದ್ದು ನಂಗೆ ಕೇಳಿಸಿತ್ತು" ಎಂದೆ.

ಅವಳು ಚಾಕು ನಿಲ್ಲಿಸದೆ ಹೇಳಿದಳು: "ಗೊತ್ತು. ನಿನ್ನ ಕಿವಿ ಕೆಂಪಗಾಯ್ತಲ್ಲ. ಸಣ್ಣವನಿದ್ದಾಗ್ಲೂ ಅಷ್ಟೇ, ಬಾಯಿ ಸುಳ್ಳು ಹೇಳಿದ್ರೂ ಕಿವಿ ಹೇಳ್ತಿರ್ಲಿಲ್ಲ. ನೀನು ತಲೆ ಎತ್ತದೇ ಇದ್ದಿದ್ದೇ ಒಳ್ಳೇದಾಯ್ತು ಅನ್ಕೊಂಡು ಮನೆಗೆ ಬಂದೆ. ಎತ್ತಿದ್ರೆ ನೀನು ಈ ಕಡೆ ಓಡಿ ಬಂದ್ಬಿಡ್ತಿದ್ದೆ, ಅವ್ರು ಸುಮ್ನೆ ಬಿಡ್ತಿದ್ರಾ?"

ಗ್ರಿಟ್, ಮೂವತ್ತು ವರ್ಷ ನಾನು ಹೊತ್ತುಕೊಂಡು ತಿರುಗಿದ ತಪ್ಪನ್ನು ಅವಳು ಅದೇ ದಿನ ಸಂಜೆಗೆ ಮನ್ನಿಸಿಬಿಟ್ಟಿದ್ದಳು. ಅವಳು ಮನ್ನಿಸದೆ ಇಟ್ಟುಕೊಂಡದ್ದು ಈ ಒಂದೂವರೆ ವರ್ಷವನ್ನು. ಅದಕ್ಕೆ ನೆಪ ಹೇಳಲು ನನ್ನ ಬಳಿ ಯಾವ ಕಾವಲುಗಾರನೂ ಇರಲಿಲ್ಲ, ಬಂದೂಕೂ ಇರಲಿಲ್ಲ. ನಾನು ಅತ್ತುಬಿಟ್ಟೆ. ಅವಳು ಏಪ್ರನ್ನಿನ ತುದಿಯಲ್ಲಿ ನನ್ನ ಮೂಗು ಒರೆಸಿದಳು. ಎಪ್ಪತ್ತು ವರ್ಷದ ಮೂಗು!

ಮೂರು ದಿನ ಇದ್ದೆ. ಅಕ್ಕ ಅಜ್ಜಿಯ ಕೇಕು ತಿಂದು, "ಸಕ್ಕರೆ ಕಮ್ಮಿ" ಎಂದಳು, ಎರಡು ತುಂಡು ತಿಂದಳು. (ಇದನ್ನು ಅಜ್ಜಿಗೆ ಹೇಳಬೇಡ.) ಮಗುವಿನ ಫೋಟೋ ತೋರಿಸಿ, ಗ್ರಿಟ್ ಇರುವುದು ಇದೇ ರಸ್ತೆಯ ಕೊನೆಯಲ್ಲಿ ಎಂದಾಗ ನಂಬಲೇ ಇಲ್ಲ. ನಕ್ಷೆ ಹರಡಿ, ಕನ್ನಡಕ ಏರಿಸಿ, ಬೆರಳಿಟ್ಟುಕೊಂಡು ಹೋದಳು. ಬರ್ಲಿನ್ನಿನ ನಡುವೆ ಹಾದು ಓರಾನಿಯನ್‌ಬುರ್ಗ್, ಗ್ರಾನ್‌ಸೇ, ಕೆರೆಗಳ ನಾಡಿನ ನಾಯ್‌ಸ್ಟ್ರೇಲಿಟ್ಸ್, ನಾಯ್‌ಬ್ರಾಂಡನ್‌ಬುರ್ಗ್, ಗ್ರೈಫ್ಸ್‌ವಾಲ್ಡ್, ಸ್ಟ್ರಾಲ್ಸುಂಡಿನ ಸೇತುವೆ, ಅದು ದಾಟಿದರೆ ನಿಮ್ಮ ದ್ವೀಪ. "ಅಯ್ಯೋ, ನಂಗೆ ಎಪ್ಪತ್ನಾಲ್ಕು ವರ್ಷ ಆಯ್ತು, ನನ್ನ ಅಂಗಡಿ ಮುಂದಿನ ರಸ್ತೆ ಸಮುದ್ರಕ್ಕೆ ಹೋಗುತ್ತೆ ಅಂತ ಒಬ್ರೂ ಹೇಳ್ಲಿಲ್ಲ ನೋಡು" ಎಂದಳು. ಜುಲೈನಲ್ಲಿ ನಾವು ಮೂವರೂ ಟ್ರಾಬಿಯಲ್ಲಿ ಬರುತ್ತೇವೆ. ಅವಳಿಗೆ ಹೊಗೆಯಾಡಿಸಿದ ಮೀನು ತಿನ್ನಿಸಬೇಕು. ಹಿಂದಿನ ಸೀಟು ಅವಳಿಗೆ ಸಾಲುತ್ತದೋ ಇಲ್ಲವೋ ಎಂಬುದೇ ಚಿಂತೆ.

ನಿನ್ನ ಅಪ್ಪನ ವಿಷಯ ಬರೆಯಬೇಡ ಎಂದಿದ್ದೀಯ, ಬರೆಯುವುದಿಲ್ಲ. ಇಷ್ಟು ಮಾತ್ರ: ಗೋಡೆ ಬಿದ್ದ ವರ್ಷದ ಆ ಕ್ರಿಸ್‌ಮಸ್ ಊಟದಲ್ಲಿ ನೀನು, "ಇಷ್ಟು ವರ್ಷ ಆ ಪಾರ್ಟಿಯೋರಿಗೆ ಚಪ್ಪಾಳೆ ತಟ್ಟಿದ್ಯಲ್ಲಪ್ಪ, ಈಗ ಕೈ ನೋಯ್ತಿದ್ಯಾ?" ಎಂದೆ, ಅವನು, "ಹಾಗಾದ್ರೆ ಈ ಮನೇಲಿ ನಿಂಗೇನು ಕೆಲ್ಸ?" ಎಂದ. ಇಬ್ಬರೂ ಹೇಳಬಾರದ್ದನ್ನೇ ಹೇಳಿದಿರಿ. ನಾನು ಅಕ್ಕನ ಮನೆಯಿಂದ ಬಂದ ಸಂಜೆ ನಿನ್ನ ಅಪ್ಪ ಫೋಲ್ಕ್‌ಮಾರ್ ಅಡುಗೆಮನೆಯಲ್ಲಿ ಕೂತು ಎಲ್ಲವನ್ನೂ ಕೇಳಿದ. ಕೇಳಿ, ಎದ್ದು ಹೋದ. ಕೆಲಸ ಮಾಡುತ್ತಿದ್ದ ಗಿರಣಿ ಮುಚ್ಚಿದಂದಿನಿಂದ ಅವನು ಹೆಚ್ಚು ಮಾತಾಡುವುದೂ ಇಲ್ಲ.

ಮಗುವಿನ ಕಿವಿಗೆ ಟೋಪಿ ಮರೆಯಬೇಡ, ನಿನ್ನ ಹೊಟ್ಟೆಯನ್ನೂ ಮರೆಯಬೇಡ. ನೀವಿಬ್ಬರೂ ನೂರು ಕಾಲ ಬಾಳಿ. ಅಜ್ಜಿ ಇಬ್ಬರ ಕೆನ್ನೆಗೂ ಮುತ್ತು ಕಳಿಸಿದ್ದಾಳೆ.

ನಿನ್ನ ಅಜ್ಜ,
ಆಲ್ವಿನ್

ಮರೆತ ಮಾತು: ಲಕೋಟೆ ಅಂಟಿಸುವ ಮೊದಲು ಅವಸರದಲ್ಲಿ ಬರೆಯುತ್ತಿದ್ದೇನೆ, ಅಜ್ಜಿ ಅಂಚೆಗೆ ಹೊರಟು ನಿಂತಿದ್ದಾಳೆ. ನಿನ್ನ ಅಪ್ಪ ನಿನ್ನೆ ತನ್ನ ಕಾರಿಗೆ ಹೊಸ ಟೈರು ಹಾಕಿಸಿದ. ಈಗ ಬಂದು, ಸ್ಟ್ರಾಲ್ಸುಂಡಿನ ಸೇತುವೆಯನ್ನು ದೋಣಿಗಳಿಗಾಗಿ ಯಾವ ಯಾವ ಹೊತ್ತಿಗೆ ಎತ್ತುತ್ತಾರೆ ಎಂದು ಕೇಳಿ ಹೋದ, ಯಾರೋ ಸ್ನೇಹಿತನಿಗೆ ಬೇಕಂತೆ. ನನ್ನ ಲೆಕ್ಕದಲ್ಲಿ ನಿನ್ನ ಅಪ್ಪ ಶನಿವಾರ ಮಧ್ಯಾಹ್ನ ನಿನ್ನ ಬಾಗಿಲು ತಟ್ಟುತ್ತಾನೆ. ಬಂದರಿನಲ್ಲಿ ಕೆಲಸವಿತ್ತು, ಹಾಗೇ ಬಂದೆ ಎನ್ನುತ್ತಾನೆ. ಹೌದಾ ಅಪ್ಪ ಎಂದು ಹೇಳಿ, ಮಗುವನ್ನು ಅವನ ಕೈಗೆ ಕೊಟ್ಟುಬಿಡು.