ಸಂಪುಟ ಹನ್ನೆರಡು, ಪುಟ ನಲವತ್ತೊಂದು

ಚಾಮರಾಜನಗರ
೧೮ ನವೆಂಬರ್ ೨೦೨೪

ಪ್ರೀತಿಯ ರಂಜಿನಿ ಅಕ್ಕ,

ನಿಮ್ಮ ನಯನಾಳ ನಮಸ್ಕಾರ. ಮೇಷ್ಟ್ರ ತಿಥಿಯ ದಿನ ಗುಂಡ್ಲುಪೇಟೆಯಲ್ಲಿ ನೀವು ಒಪ್ಪಿಸಿದ ಕೆಲಸಕ್ಕೆ ತಿಂಗಳು ಕಳೆದ ಮೇಲೆ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡಿ. ವಾಟ್ಸಾಪಿನಲ್ಲಿ ನಾಲ್ಕು ಸಲ ಟೈಪ್ ಮಾಡಿ ಅಳಿಸಿದೆ. ಕೊನೆಗೆ ಹಾಳೆಯೇ ವಾಸಿ ಅನ್ನಿಸಿತು. ನಿಮ್ಮಮ್ಮ, ಸುಂದ್ರಮ್ಮ ಆಂಟಿ, ಸರಿಯಾಗಿ ಊಟ ಮಾಡುತ್ತಿದ್ದಾರಾ?

ಅಕ್ಕ, ಮೇಷ್ಟ್ರ ಲೇಖನ ಸಿಕ್ಕಿತು. ಪತ್ರಿಕೆಯವರು ಅಚ್ಚಿಗೆ ತೆಗೆದುಕೊಂಡಿದ್ದಾರೆ ಅಂತ ನಿಮ್ಮಪ್ಪ ಸುಳ್ಳು ಹೇಳಿರಲಿಲ್ಲ.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ, ಸ್ಟಾಫ್ ರೂಮಿನಲ್ಲಿ ವೃಷಭೇಂದ್ರಪ್ಪ ಮೇಷ್ಟ್ರು, “ಏನ್ ಶಿವಮಲ್ಲು, ನಿಮ್ ಹುಲ್ಲಿನ್ ಲೇಖ್ನನ ದನ ಮೇಯ್ಬುಡ್ತಾ?” ಅಂತ ಕೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಎಲ್ಲರೂ ನಕ್ಕರು. ನಿಮ್ಮಪ್ಪನೂ ನಕ್ಕು, ಕನ್ನಡಕ ಒರೆಸುತ್ತಲೇ ಇದ್ದರು. ಅವತ್ತಿನಿಂದ ನಾನು ಅವರ ಅಭಿಮಾನಿ ಸಂಘದ ಅಧ್ಯಕ್ಷೆ, ಸದಸ್ಯೆಯೂ ನಾನೊಬ್ಬಳೇ.

ನೀವು ಕೊಟ್ಟ, ಆಗ ಮೇಷ್ಟ್ರಿಗೆ ಬಂದಿದ್ದ ಪೋಸ್ಟ್ ಕಾರ್ಡಿನಲ್ಲಿ ಲೇಖನ ಎಲ್ಲಿ ಬರುತ್ತದೆ ಅಂತ ಸಂಪಾದಕರು ಎಲ್ಲ ಬರೆದಿದ್ದರು: ಪತ್ರಿಕೆಯ ಹೆಸರು, ೧೯೯೪, ಸಂಪುಟ ಹನ್ನೆರಡು, ಸಂಚಿಕೆ ಮೂರು, ಪುಟ ನಲವತ್ತೊಂದರಿಂದ. ನಮ್ಮ ಯೂನಿವರ್ಸಿಟಿ ಲೈಬ್ರರಿಯ ಕಂಪ್ಯೂಟರಿನಲ್ಲಿ ಶಿವಮಲ್ಲು ಅಂತ ಹಾಕಿದೆ. ಏನೂ ಬರಲಿಲ್ಲ. ಗೋಪಾಲಸ್ವಾಮಿ ಬೆಟ್ಟದ ಹುಲ್ಲುಗಳು ಅಂತ ಇಂಗ್ಲಿಷಿನಲ್ಲಿ ಹಾಕಿದೆ. ಅದಕ್ಕೂ ಇಲ್ಲ.

ಲೈಬ್ರರಿಯ ದೇವರಾಜು ಸಾರ್ ಹಿಂದೆ ಬಂದು ನಿಂತರು. “ಎಸ್ರು ಬುಡು ಕಣಮ್ಮಿ. ಎಸ್ರ ಯಾರಾರ ತಪ್ಪು ಬರ್ದಿರ್ತರೆ. ಪತ್ರಿಕೆ ತಗಿ, ಸಂಪುಟ ತಗಿ, ಸಂಚಿಕೆ ತಗಿ. ಪುಟ ಎಲ್ಲಿಗೋದದು?”

ಹಾಗೇ ಒಂದೊಂದೇ ತೆರೆಯುತ್ತಾ ಹೋದೆ. ನಲವತ್ತೊಂದನೇ ಪುಟದಲ್ಲಿ ಇತ್ತು, ಅಕ್ಕ. ಶೀರ್ಷಿಕೆ ಬದಲಾಯಿಸಿದ್ದಾರೆ. ಲೇಖಕರ ಜಾಗದಲ್ಲಿ ‘ನಾಗಯ್ಯ, ಎಸ್.’ ಅಂತಿದೆ. ಮೇಷ್ಟ್ರು ನಮ್ಮ ಕಡೆಯ ರೂಢಿಯಂತೆ ತಮ್ಮ ಹೆಸರಿನ ಜೊತೆ ನಿಮ್ಮ ತಾತನ ಹೆಸರು ಬರೆದು ಕಳಿಸಿದ್ದಾರೆ. ಪತ್ರಿಕೆಯವರು ಅದನ್ನೇ ಮನೆತನದ ಹೆಸರು ಅಂದುಕೊಂಡು ಮುಂದಕ್ಕೆ ಹಾಕಿದ್ದಾರೆ. ಆ ವರ್ಷ ಮೇಷ್ಟ್ರು ಮೈಸೂರಿಗೆ ಹೋಗಿ ಲೇಖಕರ ಪಟ್ಟಿಯಲ್ಲಿ ತಮ್ಮ ಹೆಸರನ್ನಷ್ಟೇ ಹುಡುಕಿ, ಕಾಣದೆ, ಪುಟ ತಿರುವಿಯೂ ನೋಡದೆ, ಸಂಪಾದಕರು ಕೊನೆಗಳಿಗೆಯಲ್ಲಿ ಕೈಬಿಟ್ಟರು ಅಂದುಕೊಂಡು ವಾಪಸ್ ಬಂದರಂತೆ. ಆಮೇಲೆ ಅವರು ಏನನ್ನೂ ಬರೆಯಲಿಲ್ಲ.

ನಾಲ್ಕು ಪುಟ ಇದೆ. ಮೂವತ್ತೆರಡು ಹುಲ್ಲು, ಒಂದೊಂದರ ಪಕ್ಕದಲ್ಲೂ ದನ ಕಾಯುವವರು ಕರೆಯುವ ಹೆಸರು. ಕೊನೆಯಲ್ಲಿ ಆ ದನಗಾಹಿಗಳ ಹೆಸರುಗಳನ್ನೂ ಬರೆದು ನೆನೆದಿದ್ದಾರೆ. ಎರಡು ಪ್ರತಿ ಪ್ರಿಂಟ್ ತೆಗೆಸಿ ಇದರ ಜೊತೆ ಇಟ್ಟಿದ್ದೇನೆ. ಒಂದನ್ನು ದಯವಿಟ್ಟು ವೃಷಭೇಂದ್ರಪ್ಪ ಮೇಷ್ಟ್ರಿಗೆ ಕೊಡಿ.

ಹರಸುವಷ್ಟು ದೊಡ್ಡವಳು ನಾನಲ್ಲ. ಆದರೂ ನಿಮ್ಮ ಮಗುವಿಗೆ ತಾತನ ತಾಳ್ಮೆ ಬರಲಿ. ಆಂಟಿಯ ಆರೋಗ್ಯ ಗಟ್ಟಿಯಾಗಿರಲಿ.

ನಿಮ್ಮ
ನಯನಾ

ಮರೆತ ಮಾತು: ಮರೆತಿರಲಿಲ್ಲ. ಆ ಕಾರ್ಡನ್ನು ನಾನು ಮೊದಲೇ ನೋಡಿದ್ದೆ. ಆಸ್ಪತ್ರೆಯಲ್ಲಿ ಮೇಷ್ಟ್ರೇ ನನ್ನ ಮೊಬೈಲಿನಲ್ಲಿ ಅದರ ಫೋಟೋ ತೆಗೆಸಿ, “ವಸಿ ನೋಡವ್ವ” ಅಂದಿದ್ದರು. ಮೂರು ವಾರ ಬಿಟ್ಟು ಒಂದು ಸೋಮವಾರ ಕೇಳಿದಾಗ, “ಹುಡುಕಿದೆ ಸಾರ್, ಇಲ್ಲ” ಅಂದೆ. “ಅಂಗಾರೆ ಅವ್ರು ಆಕ್ನೇ ಇಲ್ಲ, ಬುಡು” ಅಂದು ಗೋಡೆ ಕಡೆ ತಿರುಗಿ ಮಲಗಿದರು. ನಾನು ಹುಡುಕಿಯೇ ಇರಲಿಲ್ಲ. ಪರೀಕ್ಷೆ ಇತ್ತು ಅಂತ ಬರೆಯಲು ಹೊರಟಿದ್ದೆ. ಇರಲಿಲ್ಲ, ಅಕ್ಕ. ಗುರುವಾರ ಅವರು ಹೋದರು. ಹುಡುಕಲು ನನಗೆ ಹಿಡಿದದ್ದು ಇಪ್ಪತ್ತು ನಿಮಿಷ.