ಗುಬ್ಬಿಪೇಟೆಯ ಖಾಲಿ ಚೀಲ

ಅಣ್ಣಿಗೇರಿ,
ಭಾನುವಾರ, 9 ಫೆಬ್ರುವರಿ 2025

ನಮ್ಮ ಮನೆಯ ಮಗಳು, ನವಲಗುಂದದ ಸೊಸೆ ರೂಬಿನಾಳಿಗೆ,

ನಿನ್ನ ಮಾಮು ಮಹಬೂಬಸಾಬನ ಸಲಾಂ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ಆದರೆ ಹತ್ತು ದಿನದ ಹಿಂದೆ ಧಸಕ್ಕೆಂದ ನನ್ನ ಎದೆ ಇನ್ನೂ ಜಾಗಕ್ಕೆ ಬಂದಿಲ್ಲ. ಫೋನ್ ಹಚ್ಚಿದರೆ ನಿನ್ನದು ಹತ್ತುವುದಿಲ್ಲ. ವಾಟ್ಸಾಪಿನಲ್ಲಿ ನಿನ್ನ ಫೋಟೊ ಹೋಗಿ ಬೂದು ಬಣ್ಣದ ಬೊಂಬೆ ಕುಳಿತಿದೆ. ಬ್ಲಾಕ್ ಎಂದರೆ ಇದೇ ಎಂದು ಅಂಗಡಿಯ ಹಮಾಲ ತಿರಕಪ್ಪ ತಿಳಿಸಿ ಹೇಳಿದ. ಆದ್ದರಿಂದ, ಏಳನೇ ಇಯತ್ತೆಯಲ್ಲಿ ಇಡೀ ಶಾಲೆಗೆ ಚೆಂದದ ಅಕ್ಷರ ಎಂದು ಹೆಸರಾದ ಈ ಕೈಯಿಂದಲೇ ಬರೆಯುತ್ತಿದ್ದೇನೆ. ಅಂಚೆಯವನನ್ನು ನೀನು ಬ್ಲಾಕ್ ಮಾಡಲಾರೆ.

ಒಂದು ಆಟದ ಮಾತಿಗೆ ಇಷ್ಟು ಸಿಟ್ಟು ಯಾಕೆ ಎಂದು ನನಗೆ ತಿಳಿಯುತ್ತಿಲ್ಲ.

ಆ ಆಟವನ್ನು ನನ್ನ ಫೋನಿಗೆ ಹಾಕಿಕೊಟ್ಟವಳು ನೀನೇ. ಎರಡು ವರ್ಷದ ಹಿಂದೆ ಚೀಲದ ಥಪ್ಪಿಯ ಮೇಲಿಂದ ಬಿದ್ದು ಕಾಲು ಮುರಿದುಕೊಂಡು ಮಲಗಿದಾಗ, ನೀನು ಕೂಸನ್ನು ಕಟ್ಟಿಕೊಂಡು ನನ್ನನ್ನು ನೋಡಲು ಬಂದಿದ್ದೆ. ನಾನು ದಿನವಿಡೀ ನಿನ್ನ ಮಾಮಿಯ ಜೊತೆ ಜಗಳಕ್ಕೆ ನಿಲ್ಲುವುದನ್ನು ನೋಡಿ, "ಜಗಳಾನ ಆಡೂದಿದ್ರ ಇದರಾಗ ಆಡು ಮಾಮು, ಮಾಮಿ ಜೀವಾ ಉಳೀತೈತಿ," ಎಂದು ಫೋನ್ ಕೈಗಿತ್ತೆ. ರಾಜ್ಯ ಕಟ್ಟು, ಬೆಳೆ ತೆಗೆ, ಸೈನ್ಯ ಸಾಕು, ಬೇರೆ ಊರು ದೇಶಗಳಲ್ಲಿ ಕುಳಿತು ಆಡುವವರ ಜೊತೆ ಒಕ್ಕೂಟ ಮಾಡಿಕೊಂಡು ಯುದ್ಧಕ್ಕೆ ಹೋಗು. ಒಂದು ತಿಂಗಳಾದ ಮೇಲೆ ನೀನು, "ನನಗ ಪುರಸೊತ್ತಿಲ್ಲ, ನಾ ಆಟ ಬಿಟ್ಟೆ," ಎಂದೆ. ನಾನು ಬಿಡಲಿಲ್ಲ. ಮಹಬೂಬಗಡ ಕಟ್ಟಿದೆ. ಏಳು ರಾಜ್ಯಗಳ ಒಕ್ಕೂಟಕ್ಕೆ ನಾನೇ ಬಾದಶಹ. ಅರವತ್ತು ಸಾವಿರ ಕುದುರೆ! ಅಣ್ಣಿಗೇರಿಯಲ್ಲಿ ಅಷ್ಟು ಕುದುರೆ ಯಾವ ರಾಜನಿಗೂ ಇರಲಿಲ್ಲ ಎಂದು ಪೇಟೆಯಲ್ಲಿ ನಾನು ಹೇಳಿದ್ದು ನಿನಗೂ ಕೇಳಿಸಿರಬೇಕು.

ಈಗ ದೊಡ್ಡ ಯುದ್ಧ ಬಂದಿದೆ. ಬರುವ ಗುರುವಾರ. ಅದಕ್ಕೆ ಮೊದಲು ನಮ್ಮ ಕಡೆಯ ರಾಜ್ಯಗಳ ಬಲ ಎಷ್ಟು, ಯಾರನ್ನು ಮುಂದೆ ನಿಲ್ಲಿಸಬೇಕು, ಯಾರನ್ನು ನಂಬಬಾರದು ಎಂದು ಅಳೆಯುವ ಕೆಲಸ ಬಾದಶಹನದು. ಅಳೆಯುವುದರಲ್ಲಿ ನನ್ನನ್ನು ಮೀರಿಸುವವನಿಲ್ಲ. ಇಪ್ಪತ್ತಾರು ವರ್ಷ ದಲಾಲಿ ಅಂಗಡಿಯಲ್ಲಿ ರೈತರ ಚೀಲಕ್ಕೆ ಕಬ್ಬಿಣದ ಕೊಳವಿ ಚುಚ್ಚಿ ಕಡಲೆ ತೆಗೆದು ನೋಡಿದವನು. ಬಾಯಿಯ ಹತ್ತಿರ ಒಳ್ಳೆಯ ಕಾಳು, ತಳದಲ್ಲಿ ಹುಳುಕು ತುಂಬಿ ತಂದವನನ್ನು ಅವನ ನಡಿಗೆಯಿಂದಲೇ ಹಿಡಿಯುತ್ತೇನೆ.

ಹಾಗೆಯೇ ಒಬ್ಬೊಬ್ಬರ ರಾಜ್ಯ ನೋಡಿದೆ. ನಮ್ಮ ಹಮಾಲ ತಿರಕಪ್ಪನ ಹುಲಿಗಡದಲ್ಲಿ ಸೈನಿಕರು ಬಹಳ, ಆದರೆ ಮುಖ್ಯ ಹೊತ್ತಿನಲ್ಲಿ ದೊರೆಯೇ ಚೀಲದ ಮೇಲೆ ಮಲಗಿರುತ್ತಾನೆ. ಬ್ರೆಜಿಲಿನವನ ಹತ್ತಿರ ಎರಡು ನೂರು ಹಡಗುಗಳಿವೆ, ಯುದ್ಧ ಮಾತ್ರ ಗುಡ್ಡದಲ್ಲಿ. ತುರ್ಕಿಯವನು ಗಟ್ಟಿ ಕಾಳು. ಕೊನೆಗೆ ಉಳಿದದ್ದು ಗುಬ್ಬಿಪೇಟೆ. ಯಾರದೆಂದು ಗೊತ್ತಿಲ್ಲ. ಒಂದು ಮಾತೂ ಆಡಿದವರಲ್ಲ. ಕುದುರೆ ಇಲ್ಲ, ಕೋಟೆ ಮೊಳಕಾಲುದ್ದ. ಎಂದು ನೋಡಿದರೂ ಕಣಜದಲ್ಲಿ ಜೋಳ ಸೊನ್ನೆ. ಪೇಟೆಯಲ್ಲಿ ಯಾರ ಮುಂದೆ ಚೀಲ ನಿಂತಿಲ್ಲವೋ ಅವರ ಬೆಳೆ ಹೋಗಿದೆ ಎಂದೇ ನಮ್ಮ ಲೆಕ್ಕ. ಖಾಲಿ ಚೀಲಕ್ಕೆ ಕೊಳವಿ ಚುಚ್ಚುವುದೇನು? ಗುಬ್ಬಿಪೇಟೆಯನ್ನು ಒಕ್ಕೂಟದಿಂದ ತೆಗೆದು ಹಾಕಿದೆ. ಒಂದು ಗುಂಡಿ ಒತ್ತಿದರೆ ಮುಗಿಯಿತು.

ಆಮೇಲೆ ಒಂದು ಸಂದೇಶ ಬಂತು. "ಮಾಮು, ಖಾಲಿ ಚೀಲ ತನ್ನ ಹಾದಿ ಹಿಡೀತು. ಕುದರಿಗೆ ಹೊತ್ತಿಗೆ ಸರಿಯಾಗಿ ಮೇವು ಹಾಕು."

ರೂಬಿನಾ, ಆ ಆಟದಲ್ಲಿ ನನ್ನನ್ನು ಎಲ್ಲರೂ ಬಾದಶಹ ಎನ್ನುತ್ತಾರೆ. ತಿರಕಪ್ಪ ಕೂಡ. ಮಾಮು ಎನ್ನುವವಳು ಈ ಭೂಮಿಯ ಮೇಲೆ ಒಬ್ಬಳೇ. ನನ್ನ ಕೈಯಲ್ಲಿದ್ದ ಚಹಾ ಯಾರದೋ ಕಡಲೆಯ ರಾಶಿಯ ಮೇಲೆ ಬಿತ್ತು. ರೈತ ಬೈದದ್ದು ಕಿವಿಗೆ ಬೀಳಲಿಲ್ಲ.

ಸಂಜೆಯೊಳಗೆ ಇನ್ನೊಂದು. ನನ್ನ ಕುದುರೆಗಳು ಹಸಿದಿವೆ ಎಂದು ಕೆಂಪು ಅಕ್ಷರ. ತಿರಕಪ್ಪ ಓಡಿ ಬಂದ, "ಮಾವಾ, ನನ್ನ ಮಂದಿ ಉಪಾಸ ಬಿದ್ದೈತಿ, ಓಡಿ ಹೊಂಟೈತಿ ನೋಡು!" ತುರ್ಕಿಯವನದೂ ಅದೇ ಗೋಳು. ಯಾರು ಯಾರಿಗೆ ಏನು ಕಳಿಸಿದರು ಎಂದು ತೋರಿಸುವ ಪುಟ ಒಂದಿದೆಯಂತೆ, ನಾನು ಎಂದೂ ತೆರೆದಿರಲಿಲ್ಲ. ತಿರಕಪ್ಪ ತೆರೆದ. ಗುಬ್ಬಿಪೇಟೆಯಿಂದ ಜೋಳ. ಗುಬ್ಬಿಪೇಟೆಯಿಂದ ಮೇವು. ಎರಡು ವರ್ಷದ ಪ್ರತಿ ದಿನ. ಬೆರಳಿನಿಂದ ಎಳೆದಷ್ಟೂ ಅದೇ ಹೆಸರು ಬರುತ್ತಿತ್ತು. ನಾನು ಗೆದ್ದೆ ಎಂದು ಪೇಟೆಗೆಲ್ಲ ಪೇಢೆ ಹಂಚಿದ ದಿನದ್ದೂ ಇತ್ತು. ನಿನ್ನ ಕಣಜ ಯಾಕೆ ಸೊನ್ನೆ ಎಂದು ಆಗ ತಿಳಿಯಿತು.

ಇಲ್ಲಿಗೆ ಕಾಗದ ಮುಗಿಸಿ, ಬೇಗ ಒಕ್ಕೂಟಕ್ಕೆ ಬಾ ಮಗಳೇ, ಗುರುವಾರ ಹತ್ತಿರ ಬಂತು ಎಂದು ಸಹಿ ಮಾಡಿದ್ದೆ. ನಿನ್ನ ಮಾಮಿ ಮುಮತಾಜ್ ಹಿಂದೆ ನಿಂತು ಓದುತ್ತಿದ್ದಳು. "ಆ ಮಾತು ಬರದಿಲ್ಲಲಾ?" ಎಂದಳು. ಯಾವ ಮಾತು ಎಂದೆ. ಅವಳು ಒಳಗೆ ಹೋದಳು. ಸಹಿ ಹರಿದು ಹಾಕಿ ಮತ್ತೆ ಕುಳಿತಿದ್ದೇನೆ.

ಬರೆಯುತ್ತೇನೆ. ಗುಬ್ಬಿಪೇಟೆಯನ್ನು ತೆಗೆಯುವ ಮುಂಚೆ ಏಳೂ ರಾಜ್ಯಗಳಿಗೆ ನಾನು ಧ್ವನಿ ಸಂದೇಶ ಕಳಿಸಿದ್ದೆ. ಮಂದಿ ನಗಲಿ ಎಂದು. "ಇಂಥಾಕಿ ನಮ್ಮ ಮನಿಯಾಗೂ ಒಬ್ಬಾಕಿ ಇದ್ಲಪಾ, ನಮ್ಮ ಆಪಾನ ಮಗಳು. ಎಷ್ಟು ತುಂಬಿದ್ರೂ ಖಾಲಿ ಚೀಲ. ಸಾಕಿ ಸಲುವಿ ಕೊಟ್ಟ ಕಳಿಸಿದೆ, ಪೀಡಾ ಹೋತು. ಇದನ್ನೂ ಹಂಗ ಕಳಸೂಣು." ತಿರಕಪ್ಪ ನಕ್ಕ. ನೀನು ಕೇಳಿದೆ.

ನಿನ್ನ ಅಪ್ಪ ತೀರಿಕೊಂಡ ವರ್ಷ ನಿನ್ನ ತಾಯಿ ರಹೀಮಾಬಿ ಆಪಾ ನಿನ್ನನ್ನು ಕರೆದುಕೊಂಡು ನಮ್ಮ ಮನೆಗೆ ಬಂದಾಗ ನಿನಗೆ ಒಂಬತ್ತು. ಪ್ರತಿ ಈದಿಗೆ ಅಂಗಡಿಯ ಕಾಟಾದ ಮೇಲೆ ನಿನ್ನನ್ನು ನಿಲ್ಲಿಸಿ ತೂಗುತ್ತಿದ್ದೆ. "ನೋಡ್ರಿ, ನನ್ನ ಮನಿ ಅನ್ನಕ್ಕ ಹೆಂಗ ಬೆಳದಾಳ!" ಎಂದು ಪೇಟೆಗೆಲ್ಲ ಕೂಗುತ್ತಿದ್ದೆ. ನೀನು ನಾಚಿ ಇಳಿಯಲು ನೋಡಿದರೆ ಇಳಿಯಗೊಡುತ್ತಿರಲಿಲ್ಲ. ಅಂಥ ನಿನ್ನನ್ನು ಪೀಡೆ ಎಂದೆ. ಏಳು ಜನ ಕೇಳುತ್ತಿದ್ದರು, ಬಾಯಿಗೆ ಬಂತು.

ಇದಿಷ್ಟೇ ಆಗಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ. ನಿನ್ನೆ ಊಟಕ್ಕೆ ಕುಳಿತಾಗ ಮುಮತಾಜ್ ತಾಟು ಇಟ್ಟು ಕೇಳಿದಳು, "ಕಾಲು ಮುರಕೊಂಡು ಆರು ತಿಂಗಳು ಮಲಗಿದ್ರಿ. ಈ ಮನಿಗೆ ಅಕ್ಕಿ ಎಲ್ಲಿಂದ ಬರ್ತಿತ್ರಿ?"

"ಅಂಗಡಿ ಸಾಹುಕಾರ ಕಳಸ್ತಿದ್ದ," ಎಂದೆ. "ನಾನ ಮುಷ್ಟಿಯಾಗ ಹಿಡದು ನೋಡಿದ್ದೆ. ಅವನ ಗೋದಾಮಿನ ಅಕ್ಕಿನ ಅದು."

"ನವಲಗುಂದ ಬಸ್ಸಿನ್ಯಾಗ ಬರ್ತಿತ್ತು. ನಿಮ್ಮ ಖಾಲಿ ಚೀಲ ಜಮಖಾನಿ ನೇಯ್ದ ರೊಕ್ಕದಾಗ ಕೊಂಡು ಕಳಸ್ತಿದ್ಲು. ನಿಮಗ ಗೊತ್ತಾದ್ರ ಉಣ್ಣೂದಿಲ್ಲಂತ ನನ್ನ ಬಾಯಿ ಕಟ್ಟಿದ್ಲು."

ಕೊಟ್ಟ ಮಗಳ ಮನೆಯಿಂದ ಒಂದು ಹಿಡಿ ತರಬಾರದು ಎಂದು ನನ್ನ ಅಪ್ಪ ಹೇಳಿದ್ದನ್ನು ನಾನು ನಿನಗೆ ಹತ್ತು ಸಲ ಹೇಳಿದ್ದೆ. ನೀನು ಅದನ್ನು ಮುರಿಯಲಿಲ್ಲ, ನನ್ನ ಕಣ್ಣಿಗೆ ಕಾಣದ ಹಾಗೆ ದಾಟಿದೆ. ಆಟದಲ್ಲೂ ಹಾಗೆಯೇ ಮಾಡಿದೆ. ಆ ಅನ್ನ ಉಂಡು ನಾನು ಆರು ತಿಂಗಳು ಸಾಹುಕಾರನಿಗೆ ದುವಾ ಮಾಡಿದ್ದೇನೆ. ಅಷ್ಟೂ ದುವಾ ತಪ್ಪು ವಿಳಾಸಕ್ಕೆ ಹೋಗಿದೆ. ಇಪ್ಪತ್ತಾರು ವರ್ಷ ಕಾಳು ನೋಡಿದ ಈ ಕೈಗೆ ತಾನು ದಿನಾ ಉಣ್ಣುವ ಅಕ್ಕಿ ಯಾರದೆಂದು ತಿಳಿಯಲಿಲ್ಲ. ಇದನ್ನು ಪೇಟೆಯಲ್ಲಿ ಯಾರಿಗೂ ಹೇಳಬೇಡ.

ಇನ್ನೊಂದು ಮಾತು. ಶುಕ್ರವಾರ ಇಪ್ಪತ್ತೊಂದಕ್ಕೆ ನಿನ್ನ ಎರಡನೇ ಕೂಸನ್ನು ತೊಟ್ಟಿಲಿಗೆ ಹಾಕುವವರಿದ್ದೀರಿ. "ತೊಟ್ಲಾ ಕಳಸ್ರಿ, ಮಾಮು ಬರೂದು ಬ್ಯಾಡ," ಎಂದು ನೀನು ಹೇಳಿ ಕಳಿಸಿದ್ದನ್ನು ಆಪಾ ನನಗೆ ತಿಳಿಸಿದ್ದಾಳೆ. ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ. ಮೊದಲ ಕೂಸಿನ ಸಲ ಇದೇ ತೊಟ್ಟಿಲನ್ನು ನವಲಗುಂದ ಬಸ್ ಸ್ಟ್ಯಾಂಡಿನಿಂದ ನಿಮ್ಮ ಓಣಿಯವರೆಗೆ ತಲೆಯ ಮೇಲೆ ಹೊತ್ತು ತಂದಿದ್ದೆ. ಆಟೋದವರು ಕರೆದರೂ ಹತ್ತಿರಲಿಲ್ಲ. ಮಾಮು ಹೊತ್ತು ತಂದದ್ದು ಊರಿಗೆ ಕಾಣಬೇಕಿತ್ತು. ಈಗ ಅದಕ್ಕೆ ಹಸಿರು ಬಣ್ಣ ಹಚ್ಚಿ ಪಡಸಾಲೆಯಲ್ಲಿ ಇಟ್ಟಿದ್ದೇನೆ. ಬಣ್ಣ ಒಣಗಿದೆ. ನೀನು ಬೇಡವೆಂದರೆ ತಿರಕಪ್ಪನ ಕೈಯಲ್ಲಿ ಕಳಿಸುತ್ತೇನೆ. ಅವನು ಚೀಲ ಇಳಿಸಿದ ಹಾಗೆ ಇಳಿಸುತ್ತಾನೆ, ಅಷ್ಟೇ ಚಿಂತೆ.

ಉಳಿದ ರಾಜ್ಯಗಳಿಗೆಲ್ಲ ಮತ್ತೊಂದು ಧ್ವನಿ ಸಂದೇಶ ಕಳಿಸಿದ್ದೇನೆ. ಖಾಲಿ ಚೀಲ ಯಾರೆಂದು ಅದರಲ್ಲಿ ಹೇಳಿದ್ದೇನೆ. ಈ ಸಲ ತಿರಕಪ್ಪ ನಗಲಿಲ್ಲ. ಬ್ರೆಜಿಲಿನವನಿಗೆ ತಿಳಿಯಿತೋ ಇಲ್ಲವೋ, ಒಂದು ಹೂವಿನ ಚಿತ್ರ ಕಳಿಸಿದ್ದಾನೆ.

ಮಾಮಿ, ಆಪಾ ಇಬ್ಬರೂ ಕೂಸುಗಳಿಗೆ ಮುತ್ತು ಕಳಿಸಿದ್ದಾರೆ. ಗುರುವಾರದೊಳಗೆ ಒಕ್ಕೂಟಕ್ಕೆ ಬಾ.

ನಿನ್ನ ಅನ್ನ ಉಂಡ,
ಮಾಮು ಮಹಬೂಬಸಾಬ

ತಾ.ಕ.: ಮೇಲೆ ಒಂದು ಸುಳ್ಳು ಇದೆ. ಹೊಡೆದು ಹಾಕಿದರೆ ಅಕ್ಷರ ಹೊಲಸು ಕಾಣುತ್ತದೆಂದು ಬಿಟ್ಟಿದ್ದೇನೆ. ಯುದ್ಧ ಬರುವ ಗುರುವಾರ ಅಲ್ಲ, ಹೋದ ಗುರುವಾರವೇ ಮುಗಿಯಿತು. ಕೋಟೆ ಹೋಯಿತು, ಒಂದು ಕುದುರೆಯೂ ಉಳಿದಿಲ್ಲ, ಬಾದಶಹ ಈಗ ತುರ್ಕಿಯವನು. ಅದಕ್ಕೆ ನಿನ್ನ ಜೋಳ ನನಗೆ ಬೇಡ. ಹೊರಬಿದ್ದ ಮೇಲೆ ನೀನು ಒಬ್ಬಳೇ ಬೇರೆ ಒಕ್ಕೂಟ ಕಟ್ಟಿರುವುದನ್ನು ನೋಡಿದೆ. ನಿನ್ನೆ ಅದಕ್ಕೆ ಸೇರಿಸಿಕೊಳ್ಳಿ ಎಂದು ಒಂದು ಅರ್ಜಿ ಬಂದಿರಬೇಕು. ಸೈನ್ಯ ಸೊನ್ನೆ, ಜೋಳ ಸೊನ್ನೆ. ನಿಮ್ಮ ಬಲವೇನು ಎಂದು ಕೇಳಿದಲ್ಲಿ 'ತೊಟ್ಟಿಲು ಹೊರಬಲ್ಲೆ' ಎಂದು ಬರೆದವನು ನಾನೇ.