ಬೆಟ್ಟದ ಕಡೆ ತಿರುಗಿಸಿದ ಬೆಂಚು

ದೃಶ್ಯವೀಕ್ಷಣೆ ಕಾಲುದಾರಿಗಳ ಕಚೇರಿಯ ಮಾನ್ಯ ಅಧಿಕಾರಿಗಳೇ,

ನಮ್ಮೂರಿನ ಮೇಲ್ದಾರಿಯ ತಿರುವಿನಲ್ಲಿದ್ದ ಬೆಂಚನ್ನು ನೀವು ಕಿತ್ತು, ಬೆಟ್ಟಕ್ಕೆ ಮುಖ ಮಾಡಿಸಿ, ಕಾಂಕ್ರೀಟು ಸುರಿದು ಭದ್ರಪಡಿಸಿದ್ದೀರಿ. ಯಾರನ್ನು ಕೇಳಿ ಮಾಡಿದಿರಿ? ಬೆಟ್ಟವೇನಾದರೂ ಅರ್ಜಿ ಹಾಕಿತ್ತೇ?

ನನ್ನ ಅಜ್ಜನ ಕಾಲದಿಂದಲೂ ಆ ಬೆಂಚು ಊರಿಗೆ ಮುಖ ಮಾಡಿತ್ತು. ಅದು ನಿಮಗೆ ತಪ್ಪಾಗಿ ಕಂಡಿತು. ಸ್ವಾಮಿ, ಟಿರೋಲಿನಂಥ ಆಲ್ಪ್ಸ್ ಬೆಟ್ಟನಾಡಿನಲ್ಲಿ ಹುಟ್ಟಿದವರು ಹಿಮದ ಬೆಟ್ಟವನ್ನು ಕೂತು ನೋಡುತ್ತಾರೆಯೇ? ಅದು ಎಲ್ಲಿಗೂ ಹೋಗುವುದಿಲ್ಲ. ನಾವು ನೋಡಬೇಕಾದದ್ದು ಪಶುವೈದ್ಯರ ಗಾಡಿ ಯಾರ ಕೊಟ್ಟಿಗೆಯ ಮುಂದೆ ನಿಂತಿದೆ, ಪಾದ್ರಿಗಳು ಯಾರ ಮನೆಯಿಂದ ಬಾಯಿ ಒರೆಸಿಕೊಳ್ಳುತ್ತ ಹೊರಟರು ಎಂಬುದನ್ನು. ನೀವು ಇದನ್ನು ಕುತೂಹಲದ ಚಟ ಎನ್ನಬಹುದು. ನಾವು ಊರಿನ ಯೋಗಕ್ಷೇಮ ಎನ್ನುತ್ತೇವೆ.

ಇನ್ನು ನನ್ನ ಸ್ವಂತ ಸಂಗತಿ. ಹೇಳಲು ನಾಚಿಕೆ, ಆದರೆ ನಾಚಿಕೆ ಉಳಿಯುವಂತೆ ನೀವೆಲ್ಲಿ ಬಿಟ್ಟಿದ್ದೀರಿ? ಚರ್ಚಿನ ಪಕ್ಕದ ಮನೆಯಲ್ಲಿ ವಾಲ್ಬುರ್ಗಾ ಎಂಬ ವಿಧವೆ ಇದ್ದಾರೆ. ನಾನೂ ಹೆಂಡತಿಯನ್ನು ಕಳೆದುಕೊಂಡವನು. ಪ್ಲಮ್ ಹಣ್ಣಿನ ಕೇಕು ಮಾಡಿದ ದಿನ ಅವರು ಮಹಡಿಯ ಕಟಕಟೆಯ ಮೇಲೆ ನೀಲಿ ಏಪ್ರನ್ ಒಣಹಾಕುತ್ತಾರೆ. ಬೆಂಚಿನಲ್ಲಿ ಕೂತ ನಾನು ಅದನ್ನು ಕಂಡು, ಸುಮ್ಮನೆ ವಾಕಿಂಗ್ ಮುಗಿಸಿದವನಂತೆ ಇಳಿದುಹೋಗಿ ಅವರ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತೇನೆ. ಇಷ್ಟೇ. ಆದರೆ ಇದೊಂದು ಇಲ್ಲದಿದ್ದರೆ ನನಗೆ ಆ ವಾರ ವಾರವೇ ಅಲ್ಲ.

ಬೆಂಚು ತಿರುಗಿದ ಮೇಲೂ ಎಂದಿನಂತೆ ಹೋಗಿ ಕೂತೆ. "ಹಿಂದಕ್ ತಿರುಗಿ ನೋಡಿದ್ರೆ ಆಯ್ತಪ್ಪ, ಅದಕ್ಕೇನೀಗ?" ಎಂದ ಕಾಂಕ್ರೀಟು ಸುರಿದ ನಿಮ್ಮ ಮೇಸ್ತ್ರಿ. ಏನು ಹೇಳಲಿ ಇವನಿಗೆ! ಕೂತಲ್ಲೇ ಕಣ್ಣಿಗೆ ಬಿದ್ದರೆ ಅದು ನೋಟ, ಕತ್ತು ತಿರುಗಿಸಿ ನೋಡಿದರೆ ಊರಿಗೆಲ್ಲ ಸುದ್ದಿ. ಹಾಗಾಗಿ ಮರ್ಯಾದಸ್ಥನಂತೆ ಬೆಟ್ಟವನ್ನೇ ದಿಟ್ಟಿಸುತ್ತ ಕೂತೆ. ಅತ್ತ ಕೇಕು ಒಣಗಿತು. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಮಾತಾಡಿಸಲು ಹೋದರೆ ವಾಲ್ಬುರ್ಗಾ ಮುಖ ಗಂಟಿಕ್ಕಿಕೊಂಡಿದ್ದರು.

"ಆಫೀಸ್ನೋರು ಬೆಂಚನ್ನ ತಿರುಗಿಸಿಬಿಟ್ರು ಕಣ್ರೀ," ಎಂದೆ.

"ಬೆಂಚು ಆಫೀಸ್ನೋರ್ದು, ಸರಿ. ನನ್ ಮನೆ ಕಡೆ ತೋರಿಸ್ಕೊಂಡು ಕೂತಿದ್ರಲ್ಲ, ಆ ಬೆನ್ನು ಯಾರ್ದು?"

ಇದಕ್ಕೆ ಉತ್ತರ ಕೊಡಬೇಕಾದವರು ನೀವು. ನಿಮ್ಮ ಬಳಿ ಇದೆಯೇ?

ನಿನ್ನೆ ತಡೆಯಲಾರದೆ ಬೆಂಚಿನ ಮೇಲೆ ಮಂಡಿಯೂರಿ, ಒರಗುಹಲಗೆಯ ಮೇಲೆ ಗಲ್ಲವಿಟ್ಟು ಊರ ಕಡೆ ನೋಡಿದೆ. ದಾರಿಯಲ್ಲಿ ಬರುತ್ತಿದ್ದ ಪ್ರವಾಸಿಗರು ನಾನು ಪ್ರಾರ್ಥನೆ ಮಾಡುತ್ತಿದ್ದೇನೆಂದು ಟೋಪಿ ತೆಗೆದರು. ಕೆಳಗಿನಿಂದ ಬೇಕರಿಯ ತ್ಸೆಂಜಿ ಕೂಗಿದಳು: "ಅಣ್ಣಾ, ಏಪ್ರನ್ ಹಾಕಿಲ್ಲ ಇವತ್ತು! ಇಳ್ಕೊಂಡ್ ಬಾ, ಮಂಡಿ ಹಿಡ್ಕೊಂಡೀತು!" ಅಂದರೆ ಇಷ್ಟು ವರ್ಷ ನಾನು ಕಾಪಾಡಿಕೊಂಡು ಬಂದ ಗುಟ್ಟು ಊರಿಗೆಲ್ಲ ಗೊತ್ತೇ ಇತ್ತು!

ಆದ್ದರಿಂದ ನನ್ನ ಆಗ್ರಹವಿಷ್ಟು: ಬೆಂಚನ್ನು ಮೊದಲಿನಂತೆ ತಿರುಗಿಸಿ. ಪ್ರವಾಸಿಗರಿಗೆ ಬೆಟ್ಟ ಬೇಕಿದ್ದರೆ ನಿಂತು ನೋಡಲಿ, ನಡೆಯಲೆಂದೇ ಬಂದವರಲ್ಲವೇ? ನೀವು ಉತ್ತರ ಬರೆಯುವವರಲ್ಲ ಎಂದು ಬಲ್ಲೆ. ಆದರೂ ಇದನ್ನು ಪತ್ರಿಕೆಗೆ ಕೊಟ್ಟಿದ್ದೇನೆ, ಏಕೆಂದರೆ ಈ ಪತ್ರಿಕೆ ಚರ್ಚಿನ ಪಕ್ಕದ ಮನೆಗೂ ಹೋಗುತ್ತದೆ. ವಾಲ್ಬುರ್ಗಾ ಅವರೇ, ಇದು ಅಚ್ಚಾದ ದಿನ ಮಧ್ಯಾಹ್ನ, ಕೇಕು ಇರಲಿ ಬಿಡಲಿ, ಬಂದು ನಿಮ್ಮ ಮುಂಬಾಗಿಲು ತಟ್ಟುತ್ತೇನೆ. ಯಾರು ಬೇಕಾದರೂ ನೋಡಲಿ.

ಇಂತಿ,
ಮಂಡಿಗೆ ಮುಲಾಮು ತಿಕ್ಕಿಕೊಳ್ಳುತ್ತಿರುವ
ಕೊರ್ಬಿನಿಯನ್ ಥಾಲರ್